ಕೆರೆ ಎಷ್ಟು ಅಡಿ ತುಂಬಿದೆ ಗೊತ್ತು, ನೀರು ಹೇಗಿದೆ ಗೊತ್ತಾ?

ಮಳೆಗಾಲ ಶುರುವಾಯಿತೆಂದರೆ ದಾವಣಗೆರೆ, ಚಿತ್ರದುರ್ಗದ ಪೇಪರುಗಳಲ್ಲಿ ಒಂದು ಪುಟ್ಟ ಪಟ್ಟಿ ಕಾಣಿಸಿಕೊಳ್ಳುತ್ತದೆ. ಭದ್ರಾ ಇಷ್ಟು ಅಡಿ, ವಾಣಿವಿಲಾಸ ಸಾಗರ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್. ಭದ್ರಾ ತುಂಬಬೇಕಾದರೆ 186 ಅಡಿ ಆಗಬೇಕು ಅನ್ನುವುದು ನಮ್ಮಲ್ಲಿ ಟೀ ಅಂಗಡಿ ಹುಡುಗನಿಗೂ ಬಾಯಿಪಾಠ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಆಗ ಜನ ಗಾಡಿ ಮಾಡಿಕೊಂಡು ಹೋಗಿ ನೋಡಿ ಬಂದರು. 130 ಅಡಿ ಅನ್ನುವ ಅಂಕಿ ಎಲ್ಲರ ಬಾಯಲ್ಲೂ ಇತ್ತು.

ಅದೇ ಜನರನ್ನು ಆ ನೀರು ಹೇಗಿದೆ ಅಂತ ಕೇಳಿ ನೋಡಿ. ಕುಡಿಯೋಕೆ ಆಗುತ್ತಾ, ಗದ್ದೆಗೆ ಬಿಡೋಕೆ ಮಾತ್ರ ಲಾಯಕ್ಕಾ, ಹೋದ ವರ್ಷಕ್ಕಿಂತ ಕೆಟ್ಟಿದೆಯಾ? ಉತ್ತರ ಸಿಗುವುದಿಲ್ಲ. ತಪ್ಪು ಅವರದಲ್ಲ. ನೀರಿನ ಮಟ್ಟ ನೋಡಿ ದಿನಾ ಬರೆದುಕೊಳ್ಳಲು ಒಬ್ಬ ನೌಕರ ಇದ್ದಾನೆ, ವರದಿ ಹೋಗುತ್ತದೆ, ಪೇಪರಿನಲ್ಲಿ ಬರುತ್ತದೆ. ನೀರಿನ ಗುಣಕ್ಕೆ ಅಂಥ ವ್ಯವಸ್ಥೆ ಇಲ್ಲ.

ಕೆರೆ ಉಳಿಸಲು ಎಲ್ಲರೂ ಒಟ್ಟಾಗಬೇಕು ಅನ್ನುವ ಮಾತಿಗೆ ನಮ್ಮಲ್ಲಿ ಬರ ಇಲ್ಲ. ನಿಜವಾಗಿ ಒಟ್ಟಾದವರೂ ಇದ್ದಾರೆ. ಆದರೆ ಯಾವುದಕ್ಕೆ ಒಟ್ಟಾದರು ಅಂತ ನೋಡಿದರೆ ಬಹುಪಾಲು ನೀರು ತರಿಸುವುದಕ್ಕೆ, ಹೂಳು ತೆಗೆಸುವುದಕ್ಕೆ. ಬಂದ ನೀರನ್ನು ಚೊಕ್ಕಟವಾಗಿ ಇಟ್ಟುಕೊಳ್ಳಲು ಯಾರ ಜೊತೆ ಯಾರು ಕೂರಬೇಕು, ದುಡ್ಡು ಯಾರು ಹಾಕಬೇಕು ಅನ್ನುವುದು ಇನ್ನೂ ಬಗೆಹರಿದಿಲ್ಲ. ಸೂಳೆಕೆರೆಯನ್ನೇ ಇಟ್ಟುಕೊಂಡು ಇದನ್ನು ನೋಡೋಣ.

ಕೆರೆ ಒಂದು ಜಿಲ್ಲೆಯಲ್ಲಿ, ನಲ್ಲಿ ಇನ್ನೊಂದು ಜಿಲ್ಲೆಯಲ್ಲಿ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು ಸರ್ಕಾರಿ ಕಾಗದ ಬಿಟ್ಟರೆ ಉಳಿದೆಲ್ಲ ಕಡೆ ಸೂಳೆಕೆರೆ ಅಂತಲೇ ಕರೆಯುವುದು. ಎಂಟು ಒಂಬತ್ತು ನೂರು ವರ್ಷ ಹಳೆಯದು. ಕಟ್ಟಿದವರ ಲೆಕ್ಕಾಚಾರ ನೋಡಿದರೆ ಬೆರಗಾಗುತ್ತದೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಸಾವಿರ ಅಡಿಯೂ ಇಲ್ಲದ ಒಂದು ಏರಿ. ಅದರ ಹಿಂದೆ ಆರೂವರೆ ಸಾವಿರ ಎಕರೆ ನೀರು. ಆ ನೀರು ಹರಿದು ಬರುವ ಜಲಾನಯನ ಸುಮಾರು 330 ಚದರ ಕಿಲೋಮೀಟರ್. ಎರಡು ತೂಬು, ಒಂದು ಸಿದ್ದನದು, ಇನ್ನೊಂದು ಬಸವನದು. ಹರಿದ್ರಾ ಹಳ್ಳ ಕೆರೆಗೆ ಇಳಿದು, ಆಚೆ ಹೊರಟು, ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತದೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ಬೋರ್ಡಿನಿಂದ ಭಾಷಣದವರೆಗೆ ಎಲ್ಲ ಕಡೆ ಹೇಳುತ್ತಾರೆ. ಮೊದಲನೆಯದು ಯಾವುದು ಅಂತ ಯಾರೂ ಕೇಳುವುದಿಲ್ಲ, ಅದಿರಲಿ.

ಕೆರೆ ಕೆಳಗೆ ಐದು ಸಾವಿರ ಎಕರೆಗೆ ಸ್ವಲ್ಪ ಕಡಿಮೆ ಅಚ್ಚುಕಟ್ಟು. ಸುತ್ತಲ ಹಳ್ಳಿಗಳು, ಚನ್ನಗಿರಿ, ಹೊಳಲ್ಕೆರೆ ಇದೇ ನೀರು ಕುಡಿಯುತ್ತವೆ. ಐವತ್ತು ಕಿಲೋಮೀಟರಿಗೂ ಆಚೆ ಇರುವ ಚಿತ್ರದುರ್ಗ ನಗರಕ್ಕೂ ಇಲ್ಲಿಂದಲೇ ಪೈಪು ಹೋಗಿದೆ. ಕೋಟೆಯೂರಿಗೆ ನೀರು ಬರುವ ಎರಡು ದಾರಿಗಳಲ್ಲಿ ಒಂದು ವಾಣಿವಿಲಾಸ ಸಾಗರ, ಇನ್ನೊಂದು ಸೂಳೆಕೆರೆ. ಬೋರ್‌ವೆಲ್ ನಂಬಿಕೊಳ್ಳೋಣ ಅಂದರೆ ಅಲ್ಲಿ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು ಅನ್ನುತ್ತದೆ ಭಾರತೀಯ ಮಾನಕ. ಚಿತ್ರದುರ್ಗ ಜಿಲ್ಲೆಯಲ್ಲಿ, ಪಕ್ಕದ ಜಗಳೂರಿನಲ್ಲಿ ಎಷ್ಟೋ ಬೋರ್‌ವೆಲ್‌ಗಳು ಆ ಗೆರೆ ದಾಟಿ ಕೂತಿವೆ. ಕೆರೆ ನೀರು ಬಿಟ್ಟರೆ ಈ ಊರುಗಳಿಗೆ ಗತಿ ಇಲ್ಲ.

ಇಕ್ಕಟ್ಟು ಇರುವುದು ಇಲ್ಲೇ. ಕುಡಿಯುವವರು ಚಿತ್ರದುರ್ಗ ಜಿಲ್ಲೆಯವರು, ಕೆರೆ ದಾವಣಗೆರೆ ಜಿಲ್ಲೆಯದು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮೊದಲಾದರೂ ಎರಡೂ ಒಂದೇ ಕಡೆ ಇದ್ದವಾ ಅಂದರೆ ಅದೂ ಇಲ್ಲ. ಆಗ ಚನ್ನಗಿರಿ ಶಿವಮೊಗ್ಗಕ್ಕೆ ಸೇರಿತ್ತು. ನೀರು ಕುಡಿಯುವ ಊರಿಗೆ ಆ ನೀರು ಕೂಡುವ ನೆಲದ ಮೇಲೆ ಮಾತಾಡುವ ಹಕ್ಕು ಯಾವತ್ತೂ ಇರಲಿಲ್ಲ. ಇತ್ತ ಜಲಾನಯನದ ಹಳ್ಳಿಗಳಿಗೆ ದುರ್ಗದ ನಲ್ಲಿಯಲ್ಲಿ ಏನು ಬರುತ್ತದೆ ಅನ್ನುವುದು ತಮ್ಮ ತಲೆನೋವಲ್ಲ. ಅವರನ್ನು ಯಾರೂ ಕೇಳಿದ್ದೂ ಇಲ್ಲ, ಅವರಿಗೆ ಯಾರೂ ಏನೂ ಕೊಟ್ಟದ್ದೂ ಇಲ್ಲ.

ಇದರ ಜೊತೆಗೆ ಭದ್ರಾ ನಾಲೆಯ ನೀರೂ ಕೆರೆಗೆ ಬರುತ್ತದೆ. ಅಂದರೆ ಮೂರನೆಯ ಕಡೆಯ ನೀರಿನ ಗುಣವೂ ಇಲ್ಲಿ ಕಲೆಯುತ್ತದೆ.

ಕೆಡಿಸುವವರು ಯಾರು

ಕೆರೆ ಕೆಟ್ಟಿತು ಅಂದ ಕೂಡಲೇ ನಮಗೆ ಫ್ಯಾಕ್ಟರಿಯ ಪೈಪು ನೆನಪಾಗುತ್ತದೆ. ಹಳ್ಳಿಗಾಡಿನ ಕೆರೆಗಳಲ್ಲಿ ಅಂಥ ಒಬ್ಬನೇ ಖಳನಾಯಕನನ್ನು ತೋರಿಸುವುದು ಕಷ್ಟ. ಚೂರು ಚೂರು ಎಲ್ಲರ ಪಾಲೂ ಇರುತ್ತದೆ.

ಅಡಿಕೆಯನ್ನೇ ತಗೊಳ್ಳಿ. ಚನ್ನಗಿರಿ ಸೀಮೆಯಲ್ಲಿ ಕೊಯ್ಲು ಶುರುವಾದರೆ ಸುಲಿದ ಹಸಿ ಸಿಪ್ಪೆ ರಾಶಿ ರಾಶಿ ಬೀಳುತ್ತದೆ. ತೋಟದ ಬುಡಕ್ಕೆ ಹಾಕುವವರು ಹಾಕುತ್ತಾರೆ. ಉಳಿದದ್ದು ಟ್ರ್ಯಾಕ್ಟರ್ ಏರಿ ರಸ್ತೆ ಬದಿಗೋ ಹಳ್ಳದ ದಂಡೆಗೋ ಹೋಗಿ ಬೀಳುತ್ತದೆ. ಕೆಲವರು ಬೆಂಕಿ ಇಡುತ್ತಾರೆ, ಅದು ದಿನಗಟ್ಟಲೆ ಹೊಗೆಯಾಡುತ್ತದೆ. ಮಳೆ ಬಂದ ಮಾರನೇ ದಿನ ಅಂಥ ರಾಶಿಯ ಹತ್ತಿರ ನಿಂತು ನೋಡಿದರೆ ಬುಡದಿಂದ ಡಿಕಾಕ್ಷನ್ ಬಣ್ಣದ ರಸ ಜಿನುಗಿ ಚರಂಡಿಗೆ ಇಳಿಯುತ್ತಿರುತ್ತದೆ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಂದು ರಸ, ಚೊಗರೂ ಅಷ್ಟೇ. ಗಟ್ಟಿ ಚೊಗರಿಗೆ ಬೆಲೆ ಇದೆ, ಯಾರೂ ಚೆಲ್ಲುವುದಿಲ್ಲ. ಹಂಡೆ ತೊಳೆದ ನೀರಿಗೆ ಬೆಲೆ ಇಲ್ಲ, ಅದು ಎಲ್ಲಿ ಇಳಿಜಾರೋ ಅಲ್ಲಿಗೆ ಹೋಗುತ್ತದೆ. ಒಬ್ಬ ರೈತನ ಹಂಡೆಯಿಂದ ಕೆರೆಗೆ ಏನೂ ಆಗುವುದಿಲ್ಲ. ತಾಲ್ಲೂಕಿಗೆ ತಾಲ್ಲೂಕೇ ಎರಡು ಮೂರು ತಿಂಗಳು ಇದನ್ನೇ ಮಾಡಿದರೆ ಲೆಕ್ಕ ಬೇರೆ.

ಇದರಿಂದ ನೀರಿಗೆ ಏನಾಗುತ್ತದೆ? ಕೊಳೆಯುವ ಯಾವುದೇ ವಸ್ತು ನೀರಿಗೆ ಬಿದ್ದರೆ ಬ್ಯಾಕ್ಟೀರಿಯಾ ಅದನ್ನು ತಿಂದು ಕರಗಿಸುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಎಷ್ಟು ಆಮ್ಲಜನಕ ಬೇಕಾಗುತ್ತದೆ ಅನ್ನುವ ಅಳತೆಗೇ ಬಿಒಡಿ ಅನ್ನುವುದು. ಕುಡಿಯುವ ನೀರಿಗೆ ಬಳಸುವ ಕೆರೆಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಒಳಗೆ ಇರಬೇಕು. ಊರ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ 200ರ ಆಸುಪಾಸು. ಒಂದು ಚರಂಡಿ ನೀರನ್ನು ತಿಳಿಯಾಗಿಸಲು ಎಷ್ಟು ಕೆರೆ ನೀರು ಬೇಕಾದೀತು ಅಂತ ಇದರಲ್ಲೇ ಅಂದಾಜು ಮಾಡಬಹುದು.

ಗೊಬ್ಬರದ್ದು ಬೇರೆ ಕಥೆ. ಗದ್ದೆಗೆ ಎರಚಿದ ಡಿಎಪಿ, ಯೂರಿಯಾ ಎಲ್ಲವನ್ನೂ ಪೈರು ಹೀರಿಕೊಳ್ಳುವುದಿಲ್ಲ. ಉಳಿದ ರಂಜಕ (ಫಾಸ್ಫರಸ್) ಮಣ್ಣಿನ ಕಣಕ್ಕೆ ಅಂಟಿಕೊಂಡು, ಸಾರಜನಕ ನೀರಿನಲ್ಲಿ ಕರಗಿ, ಮೊದಲ ದೊಡ್ಡ ಮಳೆಗೆ ಕೆರೆಗೆ ಬರುತ್ತವೆ. ಒಂದು ಕೆಜಿ ರಂಜಕ 500 ಕೆಜಿವರೆಗೂ ಪಾಚಿ ಬೆಳೆಸಬಲ್ಲದು. ಹಾಗಾಗಿ ಹೂಳು ಅನ್ನುವುದು ಬರೀ ಜಾಗ ತಿನ್ನುವ ಮಣ್ಣು ಅಂದುಕೊಳ್ಳಬಾರದು. ಅದು ಕೆರೆ ತಳದಲ್ಲಿ ಕೂತ ಗೊಬ್ಬರದ ದಾಸ್ತಾನು. ತಳದಲ್ಲಿ ಆಮ್ಲಜನಕ ಮುಗಿದ ದಿನ ಆ ದಾಸ್ತಾನಿನಿಂದ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಹೊರಗಿನಿಂದ ಬರುವುದನ್ನು ಇವತ್ತೇ ನಿಲ್ಲಿಸಿದರೂ ಕೆರೆ ಸುಧಾರಿಸಲು ವರ್ಷಗಟ್ಟಲೆ ಹಿಡಿಯುವುದು ಇದಕ್ಕೇ.

ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಬೆಳಗಿನ ಜಾವದ ಹೊತ್ತಿಗೆ ನೀರಲ್ಲಿ ಆಮ್ಲಜನಕ ತೀರಾ ತಳ ಕಂಡಿರುತ್ತದೆ. ಮೀನು ಸತ್ತು ತೇಲಿದ್ದು ಬೆಳಿಗ್ಗೆ ಎದ್ದಾಗಲೇ ಕಣ್ಣಿಗೆ ಬೀಳುವುದು ಅದಕ್ಕೇ. ಕೂಡಲೇ ಯಾರೋ ರಾತ್ರಿ ವಿಷ ಹಾಕಿದ್ದಾರೆ ಅಂತ ಸುದ್ದಿ ಹಬ್ಬುತ್ತದೆ. ವಿಷ ಹಾಕುವವರೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಎಷ್ಟೋ ಸಲ ಆ ವಿಷ ಹಾಕಿದ್ದು ನಾವೇ, ತಿಂಗಳುಗಟ್ಟಲೆ, ಹಗಲು ಹೊತ್ತಿನಲ್ಲಿ.

ಮೀನಿನ ಮಾತು ಹಾಗಾದರೆ ಕುಡಿಯುವವರದ್ದು? ಪಾಚಿಯಲ್ಲಿ ನೀಲಿ ಹಸಿರು ಜಾತಿಯದು ಒಂದಿದೆ. ಅದರ ಕೆಲವು ಬಗೆಗಳು ಯಕೃತ್ತಿಗೆ ಪೆಟ್ಟು ಕೊಡುವ ವಿಷ ಬಿಡುತ್ತವೆ. ನೀರು ಕುದಿಸಿದರೆ ಆ ವಿಷ ಹೋಗುವುದಿಲ್ಲ. ನಮ್ಮ ಫಿಲ್ಟರ್ ಹೌಸುಗಳು ಆಲಂ ಹಾಕಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ನೀರು ಬಿಡುತ್ತವೆ. ಕೆಸರು, ರೋಗಾಣು ತೆಗೆಯಲು ಇದು ಒಳ್ಳೆ ವ್ಯವಸ್ಥೆ. ಬರುವ ನೀರೇ ಪಾಚಿ, ಸಾವಯವ ಕೊಳೆ ತುಂಬಿಕೊಂಡು ಬಂದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಕ್ಲೋರಿನ್ ಜಾಸ್ತಿ ಬೇಕಾಗುತ್ತದೆ. ಆ ಕ್ಲೋರಿನ್ ಕೊಳೆಯ ಜೊತೆ ಸೇರಿ ಬೇರೆ ಬೇಡದ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ಕೆರೆ ಕೆಟ್ಟಷ್ಟೂ ಫಿಲ್ಟರ್ ಹೌಸಿನ ಖರ್ಚು ಏರುತ್ತದೆ. ಆ ಖರ್ಚು ಮಾಡುವವರಿಗೆ ಕೆರೆಯ ಮೇಲೆ ಹಿಡಿತ ಇಲ್ಲ, ಹಿಡಿತ ಇರುವವರಿಗೆ ಆ ಖರ್ಚು ತಟ್ಟುವುದಿಲ್ಲ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಲ್ಲಿ ಪ್ರಶ್ನೆ ಎದ್ದದ್ದು ಊರೊಳಗಿನ ನೀರಿನ ಬಗ್ಗೆ, ಕೆರೆಯ ಬಗ್ಗೆ ಅಲ್ಲ. ಅದನ್ನು ಇದಕ್ಕೆ ತಳುಕು ಹಾಕುವುದು ಸರಿಯಾಗದು. ಆದರೆ ಅವತ್ತಿನಿಂದ ದುರ್ಗದವರಿಗೆ ನಲ್ಲಿ ನೀರಿನ ಬಗ್ಗೆ ಕೇಳುವ ಹಕ್ಕು ಇನ್ನಷ್ಟು ಗಟ್ಟಿಯಾಗಿದೆ. ಆ ಪ್ರಶ್ನೆ ನಲ್ಲಿಯಿಂದ ಹಿಂದಕ್ಕೆ, ಪೈಪು ಹಿಡಿದು ಕೆರೆಯವರೆಗೂ ಹೋಗಬೇಕಲ್ವಾ?

‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’

ಕೆರೆಗೆ ದಿಕ್ಕಿಲ್ಲ ಅಂತ ಹೇಳುವ ಹಾಗಿಲ್ಲ. ದಿಕ್ಕುಗಳು ಜಾಸ್ತಿಯಾಗಿವೆ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಪಂಚಾಯಿತಿ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ, ಇನ್ನೂ ದೊಡ್ಡದಾದರೆ ಜಲಸಂಪನ್ಮೂಲ. ಇವರದ್ದು ಏರಿ, ತೂಬು, ಕೋಡಿಯ ಜವಾಬ್ದಾರಿ. ನೆಲದ ದಾಖಲೆ, ಸರ್ವೆ, ಒತ್ತುವರಿ ತೆರವು ಕಂದಾಯ ಇಲಾಖೆಗೆ. ಮೀನು ಹಿಡಿಯುವ ಟೆಂಡರ್ ಮೀನುಗಾರಿಕೆ ಇಲಾಖೆಗೆ. ಸುತ್ತಲ ಗುಡ್ಡ ಅರಣ್ಯಕ್ಕೆ. ಪಟ್ಟಣದ ಕುಡಿಯುವ ನೀರಿನ ಕಾಮಗಾರಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ, ಹಳ್ಳಿಗಳ ನೀರು ಗ್ರಾಮೀಣ ಕುಡಿಯುವ ನೀರು ಇಲಾಖೆಗೆ. ಗೊಬ್ಬರದ ಸಲಹೆ ಕೃಷಿ ಮತ್ತು ತೋಟಗಾರಿಕೆಯವರಿಗೆ. ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದರು ಅಂತ ಇಟ್ಟುಕೊಳ್ಳಿ. ಆಗಲೂ ಅಡಿಕೆ ಸಿಪ್ಪೆಯ ರಸ ಹಳ್ಳಕ್ಕೆ ಇಳಿಯುವುದನ್ನು ತಡೆಯುವುದು ಯಾರ ಪಾಲಿನ ಕೆಲಸ? ಯಾವ ಕಚೇರಿಗೆ ಹೋದರೂ ಸಿಗುವ ಉತ್ತರ ಒಂದೇ, ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಅವರು ಹೇಳುವುದು ಸುಳ್ಳೂ ಅಲ್ಲ.

ನೀರನ್ನು ಎ ಯಿಂದ ಇ ವರೆಗೆ ಐದು ದರ್ಜೆ ಮಾಡುವ ಪದ್ಧತಿ ಇದೆ. ಎ ಅಂದರೆ ರೋಗಾಣು ಕೊಂದರೆ ಸಾಕು, ಕುಡಿಯಬಹುದು. ಬಿ ಸ್ನಾನಕ್ಕೆ. ಸಿ ಅಂದರೆ ಪೂರ್ತಿ ಶುದ್ಧೀಕರಿಸಿ ಕುಡಿಯಬಹುದು. ಅದಕ್ಕೆ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಕೊಳಚೆ ಸೇರಿದ ಸುಳಿವು ಕೊಡುವ ಕೋಲಿಫಾರಂ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 5000 ಮೀರಬಾರದು. ಡಿ ಮೀನು ಸಾಕಣೆಗೆ, ಇ ಬರೀ ನೀರಾವರಿಗೆ. ಈ ದರ್ಜೆ ಕೊಡುವ ಕೆಲಸ ನಡೆಯುತ್ತದೆ, ವರದಿಗಳು ಸಿದ್ಧವಾಗುತ್ತವೆ. ಆದರೆ ಒಂದು ಕೆರೆ ಸಿ ಯಿಂದ ಡಿ ಗೆ ಇಳಿದರೆ ಮಾರನೇ ದಿನ ಯಾರ ಮೇಜಿನ ಮೇಲೆ ಫೋನು ರಿಂಗಾಗಬೇಕು? ಅಂಥ ಮೇಜು ಇಲ್ಲ. ಡ್ಯಾಂ ಮಟ್ಟ ಒಂದು ಅಡಿ ಇಳಿದರೆ ಅಚ್ಚುಕಟ್ಟಿನ ರೈತರು ರಸ್ತೆಗೆ ಇಳಿಯುತ್ತಾರೆ, ಸಚಿವರು ಸಭೆ ಕರೆಯುತ್ತಾರೆ. ಗುಣ ಒಂದು ದರ್ಜೆ ಇಳಿದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ರಾಜ್ಯದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 2014ರಿಂದ ಇದೆ. ಒತ್ತುವರಿ ತಡೆಯಲು, ಕೊಳಚೆ ಬಿಡುವವರನ್ನು ಹಿಡಿಯಲು ಅದರಲ್ಲಿ ಅಧಿಕಾರ ಇದೆ. ಚರ್ಚೆಯೆಲ್ಲ ನಡೆಯುವುದು ಬಹುತೇಕ ಗಡಿಯ ಸುತ್ತ. ಕೆರೆ ಸುತ್ತ 30 ಮೀಟರ್ ಬಿಡಬೇಕೋ, ಕಡಿಮೆ ಬಿಟ್ಟರೆ ಸಾಕೋ ಅನ್ನುವ ತಿದ್ದುಪಡಿಗೆ 2025ರಲ್ಲಿ ದೊಡ್ಡ ಗದ್ದಲವೇ ಆಯಿತು. ಆ ಗದ್ದಲ ಬೇಕಿತ್ತು. ಆದರೆ 330 ಚದರ ಕಿಲೋಮೀಟರ್‌ನಿಂದ ನೀರು ಹರಿದು ಬರುವ ಕೆರೆಗೆ ದಂಡೆಯ 30 ಮೀಟರ್ ಎಷ್ಟರ ಮಟ್ಟಿಗೆ ಕಾವಲು?

ನಗರದ ಕೆರೆಗಳಲ್ಲಿ ಸಮಸ್ಯೆ ಇನ್ನೂ ನೇರ. ಚಿತ್ರದುರ್ಗದ ಕೊಳಚೆ ಮಲ್ಲಾಪುರ ಕೆರೆಗೆ ಸೇರುವುದು ಹಳೇ ಕಥೆ, ಹೆದ್ದಾರಿಯಲ್ಲಿ ಹೋಗುವವರಿಗೆ ಮೂಗೇ ಹೇಳುತ್ತದೆ. ದಾವಣಗೆರೆಗೆ ಕುಡಿಯುವ ನೀರು ಕೊಡುವ ಕುಂದುವಾಡ ಕೆರೆಯಲ್ಲಿ ಸ್ಮಾರ್ಟ್ ಸಿಟಿ ದುಡ್ಡಿನ ಕಾಮಗಾರಿ ವಿವಾದವಾಗಿ ಹೈಕೋರ್ಟ್‌ವರೆಗೂ ಹೋಯಿತು. ಏರಿ ಮೇಲೆ ವಾಕಿಂಗ್ ಪಾತ್, ಲೈಟು, ಬೆಂಚು ಬೇಡ ಅನ್ನುವವನಲ್ಲ ನಾನು. ಬೆಳಿಗ್ಗೆ ಹೊತ್ತು ಅಲ್ಲಿ ಓಡಾಡುವ ಜನವೇ ಕೆರೆಗೆ ಒಳ್ಳೆ ಕಾವಲು. ಆದರೆ ಕುಡಿಯುವ ನೀರಿನ ಕೆರೆಗೆ ಬಂದ ದುಡ್ಡಿನಲ್ಲಿ ನೀರಿನ ಪಾಲು ಎಷ್ಟು, ಕಲ್ಲು ಸಿಮೆಂಟಿನ ಪಾಲು ಎಷ್ಟು ಅಂತ ಕೇಳುವವರು ಬೇಕು.

ಒಟ್ಟಾದ ಚರಿತ್ರೆ ನಮಗೂ ಇದೆ

ಹಿಂದೆ ನೀರುಗಂಟಿ ಇದ್ದ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅನ್ನುವುದು ಅವನ ಕೈಯಲ್ಲಿತ್ತು. ಊರವರು ಕಾಳು ಕೊಟ್ಟು ಅವನನ್ನು ಸಾಕುತ್ತಿದ್ದರು. ಬೇಸಿಗೆಯಲ್ಲಿ ಹೂಳೆತ್ತಿ ಗದ್ದೆಗೆ ಹೊಡೆಯುತ್ತಿದ್ದರು. ಅದನ್ನು ಸುಮ್ನೆ ಹೊಗಳಿ ಪ್ರಯೋಜನವಿಲ್ಲ. ಆ ವ್ಯವಸ್ಥೆಯಲ್ಲಿ ಯಾರಿಗೆ ಯಾವ ಮೆಟ್ಟಿಲಲ್ಲಿ ನೀರು ಮುಟ್ಟಲು ಬಿಡುತ್ತಿದ್ದರು ಅನ್ನುವುದೂ ನಮಗೆ ಗೊತ್ತು.

ಈಚಿನ ಕಾಲಕ್ಕೆ ಬಂದರೆ, 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಶುರುವಾಯಿತು. ಚಿತ್ರದುರ್ಗವೂ ಅದರಲ್ಲಿತ್ತು. ಪ್ರತಿ ಕೆರೆಗೆ ಬಳಕೆದಾರರ ಸಂಘ ಕಟ್ಟಿ, ಕೆಲಸ ಅವರ ಕೈಗೆ ಕೊಡುವುದು ಅದರ ಆಲೋಚನೆ. ಸಂಘಗಳು ಆದವು, ಹೂಳು ತೆಗೆಯಲಾಯಿತು, ತೂಬು ರಿಪೇರಿ ಆಯಿತು. ಯೋಜನೆಯ ದುಡ್ಡು ಮುಗಿದ ಮೇಲೆ ಸಂಘವನ್ನು ನಡೆಸಲು ಆದಾಯ ಬೇಕಲ್ಲ, ಅಲ್ಲಿ ಅದು ಸೊರಗಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಊರಿನ ಸಮಿತಿಯನ್ನೇ ಮುಂದಿಟ್ಟು ಹೂಳೆತ್ತಿಸುತ್ತಿದೆ. ನಮ್ಮ ಸೀಮೆಯಲ್ಲಿ ಸಿರಿಗೆರೆ ತರಳಬಾಳು ಮಠ ರೈತರನ್ನು ಕೂಡಿಸಿ ಸರ್ಕಾರದ ಬೆನ್ನು ಬಿದ್ದದ್ದರಿಂದಲೇ ಜಗಳೂರಿನ 57 ಕೆರೆ, ಭರಮಸಾಗರ ಭಾಗದ ಕೆರೆಗಳಿಗೆ ತುಂಗಭದ್ರೆಯ ನೀರು ಹತ್ತಿದ್ದು. ಬರ ಕಂಡ ಊರುಗಳಲ್ಲಿ ಕೆರೆ ತುಂಬಿದ್ದು ಸಣ್ಣ ಮಾತಲ್ಲ.

ಈ ಎಲ್ಲ ಉದಾಹರಣೆಯಲ್ಲೂ ಒಂದು ವಿಷಯ ಕಾಣುತ್ತದೆ. ಊರು, ಮಠ, ಇಲಾಖೆ, ಸಂಘ ಒಂದೇ ಕಡೆ ಎಳೆದಾಗ ನಮ್ಮಲ್ಲಿ ಕೆಲಸ ಆಗುತ್ತದೆ. ಆದರೆ ಎಳೆದದ್ದೆಲ್ಲ ನೀರಿನ ಪ್ರಮಾಣಕ್ಕೆ. ಕಣ್ಣಿಗೆ ಕಾಣುವುದು ಅದೇ ನೋಡಿ. ಹೂಳು ತೆಗೆದರೆ ಲೋಡು ಲೆಕ್ಕ ಸಿಗುತ್ತದೆ, ಕೆರೆ ತುಂಬಿದರೆ ಬಾಗಿನ ಬಿಡಬಹುದು. ರಂಜಕ ಇಳಿದದ್ದಕ್ಕೆ ಬಾಗಿನ ಬಿಡುವವರು ಯಾರು?

ಮೇಲಾಗಿ ಕೆರೆ ತುಂಬಿಸುವ ಯೋಜನೆಗಳು ಹೊಳೆಯ ಗುಣವನ್ನೂ ಹೊತ್ತು ತರುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಪಟ್ಟಿಯಲ್ಲಿ ಕರ್ನಾಟಕದ 17 ಕಲುಷಿತ ನದಿ ಪಾತ್ರಗಳಿದ್ದವು. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಅದರಲ್ಲಿವೆ. ಶಿವಮೊಗ್ಗದ ಕೊಳಚೆ ಜಗಳೂರಿನವರಿಗೆ ಸಂಬಂಧವಿಲ್ಲದ ವಿಷಯ ಅಂತ ಈಗ ಹೇಳುವ ಹಾಗಿಲ್ಲ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ಹೊಳೆಯುದ್ದಕ್ಕೂ ಜಿಲ್ಲೆ ಜಿಲ್ಲೆ ದಾಟಿ ಸಾಗಿತು. ಮೇಲಿನ ಊರಿನವರು, ಕೆಳಗಿನ ಊರಿನವರು ಒಂದೇ ನೀರಿನವರು ಅಂತ ನಡೆದೇ ತೋರಿಸಿದ್ದು ನನಗೆ ಅದರಲ್ಲಿ ಮುಖ್ಯ ಅನಿಸಿತು.

ಕುಡಿಯುವವರು ದುಡ್ಡು ಕೊಟ್ಟರೆ

ನ್ಯೂಯಾರ್ಕ್ ನಗರಕ್ಕೆ ಬರುವ ನೀರಿನ ಬಹುಪಾಲು 150, 200 ಕಿಲೋಮೀಟರ್ ದೂರದ ಗುಡ್ಡಗಾಡಿನ ಜಲಾಶಯಗಳದು. ಸುತ್ತ ಹೈನುಗಾರರ ಹಳ್ಳಿಗಳು. ಕೊಟ್ಟಿಗೆಯ ಸಗಣಿ, ಮನೆಗಳ ಕೊಳಚೆ ಗುಂಡಿ, ಎಲ್ಲ ನೀರಿಗೆ. 1989ರಲ್ಲಿ ಕೇಂದ್ರ ಸರ್ಕಾರದ ಹೊಸ ನಿಯಮ ಬಂತು: ನೀರನ್ನು ಸೋಸಿ ಕೊಡಿ, ಇಲ್ಲವಾದರೆ ಮೂಲದಲ್ಲೇ ಚೊಕ್ಕಟವಾಗಿದೆ ಅಂತ ತೋರಿಸಿ. ಫಿಲ್ಟರ್ ಘಟಕಕ್ಕೆ 600 ಕೋಟಿ ಡಾಲರಿಗೂ ಮೀರಿದ ಅಂದಾಜು. ನಗರ ಮೊದಲು ಮಾಡಿದ್ದು ನಾವೂ ಮಾಡುವಂಥದ್ದೇ, ಹಳ್ಳಿಯವರ ಮೇಲೆ ಕಟ್ಟುನಿಟ್ಟಿನ ನಿಯಮ ಹೇರಲು ಹೊರಟಿತು. ರೈತರು ತಿರುಗಿಬಿದ್ದರು. ವರ್ಷಗಟ್ಟಲೆ ಜಗ್ಗಾಟದ ನಂತರ 1997ರಲ್ಲಿ ಒಪ್ಪಂದ ಆಯಿತು. ನಗರ, ರಾಜ್ಯ, ಕೇಂದ್ರದ ಪರಿಸರ ಸಂಸ್ಥೆ, ಹಳ್ಳಿಗಳು, ಪರಿಸರ ಸಂಘಟನೆಗಳು ಸಹಿ ಹಾಕಿದವು. ನಗರ ದುಡ್ಡು ಕೊಡುತ್ತದೆ. ಕೊಟ್ಟಿಗೆ ಸರಿಪಡಿಸುವುದು ಹೇಗೆ ಅಂತ ರೈತರದ್ದೇ ಮಂಡಳಿ ತೀರ್ಮಾನಿಸುತ್ತದೆ. ಕೊಳಚೆ ಗುಂಡಿ ರಿಪೇರಿಗೆ ಸ್ಥಳೀಯರೇ ನಡೆಸುವ ಇನ್ನೊಂದು ಸಂಸ್ಥೆ. ಜಮೀನು ಬೇಕಾದರೆ ಮಾರಲು ಒಪ್ಪಿದವರಿಂದ ಮಾತ್ರ ಕೊಳ್ಳಬೇಕು. ಇಷ್ಟಕ್ಕೂ ತಗುಲಿದ್ದು ಫಿಲ್ಟರ್ ಘಟಕದ ಖರ್ಚಿನ ಒಂದು ಪಾಲು ಅಷ್ಟೇ.

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ನಡುವಿನ ಕಾನ್‌ಸ್ಟನ್ಸ್ ಸರೋವರಕ್ಕೆ 1959ರಿಂದ ಜಂಟಿ ಆಯೋಗ ಇದೆ. 1980ರ ಸುಮಾರಿಗೆ ಲೀಟರಿಗೆ 80 ಮೈಕ್ರೋಗ್ರಾಂ ದಾಟಿದ್ದ ರಂಜಕ ಈಗ 10ಕ್ಕಿಂತ ಕೆಳಗಿದೆ. ಈಗ ನೀರು ಜಾಸ್ತಿ ಚೊಕ್ಕಟವಾಗಿ ಮೀನು ಕಡಿಮೆಯಾಯಿತು ಅಂತ ಅಲ್ಲಿನ ಮೀನುಗಾರರ ದೂರು. ಅಂಥ ದೂರು ನಮಗೂ ಬರುವ ಕಾಲ ಬರಲಿ.

ನಮ್ಮಲ್ಲಿ ನ್ಯೂಯಾರ್ಕಿನ ದುಡ್ಡಿಲ್ಲ, ನಿಜ. ಆದರೆ ಒಪ್ಪಂದದ ತಿರುಳನ್ನು ತಗೊಳ್ಳಬಹುದು. ಕೆಳಗೆ ಕುಡಿಯುವವರು ಮೇಲೆ ಕಾಯುವವರಿಗೆ ಕೊಡುವುದು, ಹೇಗೆ ಕಾಯಬೇಕು ಅನ್ನುವುದನ್ನು ಕಾಯುವವರಿಗೇ ಬಿಡುವುದು. ಚಿತ್ರದುರ್ಗದ ನೀರಿನ ಬಿಲ್ಲಿನಿಂದ ಇದು ಹುಟ್ಟುವುದಿಲ್ಲ; ಬಿಲ್ಲು ಕಟ್ಟುವವರೇ ಕಡಿಮೆ. ಆದರೆ ಅದೇ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ. ಗಣಿಯವರು ಕಟ್ಟುವ ಹಣದಿಂದ ಆಗುವ ಜಿಲ್ಲಾ ಖನಿಜ ನಿಧಿಯಲ್ಲಿ ಕುಡಿಯುವ ನೀರಿಗೆ, ಪರಿಸರಕ್ಕೆ ಮೊದಲ ಆದ್ಯತೆ ಇದೆ. ಆ ನಿಧಿಯನ್ನು ಜಿಲ್ಲೆಯ ಗಡಿ ದಾಟಿಸಿ ಚನ್ನಗಿರಿಗೆ ಖರ್ಚು ಮಾಡುವುದು ಈಗಿನ ನಿಯಮದಲ್ಲಿ ಸುಲಭವಲ್ಲ. ಎರಡು ಜಿಲ್ಲಾಧಿಕಾರಿಗಳು, ಇಬ್ಬರು ಉಸ್ತುವಾರಿ ಸಚಿವರು ಕೂತು ಬಿಡಿಸಬೇಕಾದ ಮೊದಲ ಗಂಟು ಇದೇ.

ದುಡ್ಡು ಬಂದರೆ ಮಾಡುವುದೇನು? ಅಡಿಕೆ ಸಿಪ್ಪೆಯಿಂದ ಶುರು ಮಾಡುವುದು ಒಳ್ಳೆಯದು, ಫಲ ಬೇಗ ಕಾಣುತ್ತದೆ. ಸಿಪ್ಪೆಯನ್ನು ಪುಡಿ ಮಾಡಿ ಕಾಂಪೋಸ್ಟ್ ಮಾಡಿದರೆ ಅದೇ ತೋಟಕ್ಕೆ ಗೊಬ್ಬರ. ಚನ್ನಗಿರಿಯ ತುಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘ ಇದರಲ್ಲಿ ಸೇರಿದರೆ ರೈತರು ಕೇಳುತ್ತಾರೆ. ಇಲಾಖೆಯ ನೋಟಿಸಿಗೆ ಸಿಗದ ಕಿವಿ ಸಂಘದ ಮಾತಿಗೆ ಸಿಗುತ್ತದೆ. ಸಿಪ್ಪೆ ಸುರಿದವರಿಗೆ ದಂಡ ಹಾಕುತ್ತೇವೆ ಅಂತ ಹೊರಟರೆ ರಾತ್ರಿ ಹೊತ್ತು ಸುರಿಯುತ್ತಾರೆ, ಅಷ್ಟೇ. ತಂದುಕೊಟ್ಟರೆ ಟ್ರ್ಯಾಕ್ಟರ್ ಬಾಡಿಗೆ ನಮ್ಮದು ಅಂದರೆ ಮಾತು ಬೇರೆ.

ಇನ್ನು ಅಳತೆ. ಇದಕ್ಕೆ ದೊಡ್ಡ ಪ್ರಯೋಗಾಲಯ ಕಾಯಬೇಕಿಲ್ಲ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷಾ ಕಿಟ್ ಬಳಸಲು ಕಲಿಸುವ ನಿಯಮ ಇದೆ. ಅದರಲ್ಲೊಂದು ಪುಟ್ಟ ಬಾಟಲಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ನೀರು ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜಾಸ್ತಿ ಅಂತ ಅರ್ಥ. ಓದು ಬಾರದವರೂ ನೋಡಿ ಹೇಳಬಹುದಾದ ಪರೀಕ್ಷೆ. ಈಗ ಇದನ್ನು ನಲ್ಲಿ ನೀರಿಗೆ ಮಾಡುತ್ತಾರೆ. ಕೆರೆಗೆ ಇಳಿಯುವ ಪ್ರತಿ ಹಳ್ಳದ ಬಾಯಲ್ಲೂ ಮಾಡಿದರೆ ಯಾವ ಹಳ್ಳ ಏನು ತರುತ್ತಿದೆ ಅಂತ ಒಂದೇ ಮಳೆಗಾಲದಲ್ಲಿ ಗೊತ್ತಾಗುತ್ತದೆ.

ಮೀನುಗಾರರ ಕೈಗೆ ಇನ್ನೊಂದು ಸಾಧನ ಕೊಡಬಹುದು. ತಟ್ಟೆಯಷ್ಟು ಅಗಲದ, ಕಪ್ಪು ಬಿಳುಪು ಬಳಿದ ಒಂದು ಬಿಲ್ಲೆ, ಅದಕ್ಕೆ ಗುರುತು ಹಾಕಿದ ಹಗ್ಗ. ಸೆಕ್ಕಿ ಬಿಲ್ಲೆ ಅನ್ನುತ್ತಾರೆ, 1865ರಿಂದ ಬಳಕೆಯಲ್ಲಿದೆ. ತೆಪ್ಪದಿಂದ ಇಳಿಬಿಟ್ಟು, ಎಷ್ಟು ಆಳದಲ್ಲಿ ಕಣ್ಮರೆಯಾಯಿತು ಅಂತ ಬರೆದುಕೊಂಡರೆ ಮುಗಿಯಿತು. ಪಾಚಿ, ಕೆಸರು ಹೆಚ್ಚಿದಷ್ಟೂ ಆಳ ಕಡಿಮೆ. ದಿನಾ ಕೆರೆಯ ಮೇಲೇ ಇರುವವರು ಅವರು. ಬಣ್ಣ ತಿರುಗಿದ್ದು, ವಾಸನೆ ಬಂದದ್ದು ಅವರಿಗೇ ಮೊದಲು ಗೊತ್ತಾಗುವುದು. ಸಭೆಗಳಲ್ಲಿ ಅವರಿಗೆ ಕುರ್ಚಿ ಇರುವುದಿಲ್ಲ.

ಹೀಗೆ ಬಂದ ಅಂಕಿಗಳನ್ನು ಮಾಲಿನ್ಯ ಮಂಡಳಿಯ ಪರೀಕ್ಷೆ ಜೊತೆ ತಾಳೆ ನೋಡಿ, ತಿಂಗಳಿಗೊಮ್ಮೆ ಸೂಳೆಕೆರೆ ಹತ್ತಿರದ ಕೆರೆಬಿಳಚಿಯ ಪಂಚಾಯಿತಿ ಗೋಡೆಯ ಮೇಲೂ ಚಿತ್ರದುರ್ಗ ನಗರಸಭೆಯ ಗೋಡೆಯ ಮೇಲೂ ಒಂದೇ ಕಾಗದ ಅಂಟಿಸಬೇಕು. ಎರಡೂ ಕಡೆ ಒಂದೇ ಅಂಕಿ ಇದ್ದರೆ ಆಗ ಮಾತುಕತೆಗೆ ನೆಲೆ ಸಿಗುತ್ತದೆ. ಇದರಿಂದ ಜಗಳ ಆಗುವುದಿಲ್ಲವಾ? ಆಗುತ್ತದೆ. ಯಾವ ಹಳ್ಳದ ನೀರು ಕೆಟ್ಟದ್ದು ಅಂತ ಗೊತ್ತಾದ ದಿನ ಆ ಊರಿನವರು ಸಿಟ್ಟಾಗುತ್ತಾರೆ. ಅಚ್ಚುಕಟ್ಟಿನವರು ಮೊದಲಿಂದಲೂ ನಮ್ಮ ನೀರು ದುರ್ಗಕ್ಕೆ ಯಾಕೆ ಅನ್ನುವವರು, ಅವರ ಮಾತಿಗೂ ಬಲ ಬರುತ್ತದೆ. ಕೆರೆ ಕಾಯುವುದಕ್ಕೆ ಬದಲಾಗಿ ಅವರಿಗೆ ಏನಾದರೂ ಸಿಗುವ ಏರ್ಪಾಡು ಮೊದಲೇ ಇದ್ದರೆ ಈ ಜಗಳ ತಡೆದುಕೊಳ್ಳಬಹುದು. ಇಲ್ಲದಿದ್ದರೆ ಆ ಕಾಗದ ಗೋಡೆಯ ಮೇಲೆ ಬಹಳ ದಿನ ಉಳಿಯಲಿಕ್ಕಿಲ್ಲ.

ಇದು ಸೂಳೆಕೆರೆಗೆ ಮಾತ್ರ ಮುಗಿಯುವ ವಿಷಯವಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 2.25 ಲಕ್ಷ ಹೆಕ್ಟೇರ್ ನೀರಾವರಿಯ ಜೊತೆಗೆ 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಪ್ರಸ್ತಾಪ ಇದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳು ಆ ನೀರಿಗೆ ಕಾದು ಕೂತಿವೆ. ಕೇಂದ್ರ 2023ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ಯಾವಾಗ ಬರುತ್ತದೆ, ಯಾವ ತಾಲ್ಲೂಕಿಗೆ ಎಷ್ಟು ಟಿಎಂಸಿ ಅನ್ನುವುದರ ಸುತ್ತ ಬಂದ್, ಧರಣಿ, ಪತ್ರಿಕಾಗೋಷ್ಠಿ ನಡೆದಿವೆ. ಆ ನೀರು ಬಂದು ಸೇರುವ ಕೆರೆಗಳಲ್ಲಿ ಈಗ ಎಷ್ಟಕ್ಕೆ ಊರ ಚರಂಡಿ ಬಾಯಿ ತೆರೆದಿದೆ ಅಂತ ನೋಡಿ, ಅದನ್ನು ನೀರು ಬರುವ ಮೊದಲೇ ತಿರುಗಿಸಿದರೆ ಖರ್ಚು ಕಡಿಮೆ. ಖಾಲಿ ಕೆರೆಯಲ್ಲಿ ಚರಂಡಿ ತಿರುಗಿಸುವುದು ಒಂದು ಬೇಸಿಗೆಯ ಕೆಲಸ, ತುಂಬಿದ ಮೇಲೆ ಆಗದು.